ಕ್ಯಾಪ್ಟನ್ ಕೆಂಡನ ಬೆನ್ನ ಮೇಲಿನ ಮನುಷ್ಯ

ಬೆಳಕು ಹರಿಯುವ ಮೊದಲು ರಫೂ ಅಕ್ಕ ಮಾಡಿ ಮುಗಿಸಬೇಕಾದ ಕೆಲಸಗಳು ಇಷ್ಟು. ನಾಲ್ಕೂವರೆಯ ಅಲಾರಾಂ ಬಾಯಿ ಬಿಡುವ ಮೊದಲೇ ಅದರ ಬಾಯಿ ಮುಚ್ಚುವುದು, ಇಲ್ಲದಿದ್ದರೆ ಗಂಡನ ನಿದ್ದೆ ಕೆಡುತ್ತದೆ. ನಲ್ಲಿಯಲ್ಲಿ ನೀರು ಬರುವ ಮುಕ್ಕಾಲು ಗಂಟೆಯೊಳಗೆ ಎರಡು ಡ್ರಮ್ಮು, ನಾಲ್ಕು ಬಕೆಟ್ಟು ತುಂಬಿಸುವುದು. ಹಿಂದಿನ ದಿನ ನೆನೆಸಿಟ್ಟ ಹಾಸಿಗೆ ಬಟ್ಟೆ ಹಿಂಡಿ ತಂತಿಗೆ ಹಾಕುವುದು. ಹಾಲು ಉಕ್ಕದಂತೆ ಒಂದು ಕಣ್ಣು ಅತ್ತ ಇಟ್ಟು ತರಕಾರಿ ಹೆಚ್ಚುವುದು. ಮೂರು ಡಬ್ಬಿಗೆ ಊಟ ತುಂಬುವುದು: ಒಂದು ಗಂಡನಿಗೆ, ಒಂದು ತನಗೆ, ಇನ್ನೊಂದು ಭಾವನ ಕುರ್ಚಿಯ ಪಕ್ಕದ ಸ್ಟೂಲಿಗೆ, ಎಡಗೈಯೊಂದರಿಂದಲೇ ತೆಗೆಯಲು ಬರುವಂಥ ಮುಚ್ಚಳದ್ದು. ಭಾವನನ್ನು ಎಬ್ಬಿಸಿ, ಬೆನ್ನಿಗೆ ಹಾಕಿಕೊಂಡು, ಹನ್ನೊಂದು ಹೆಜ್ಜೆ ನಡೆದು ಬಚ್ಚಲಿಗೆ ಮುಟ್ಟಿಸುವುದು. ತೊಳೆದು, ಒರೆಸಿ, ಬಟ್ಟೆ ಹಾಕಿ, ಮತ್ತೆ ಹದಿನಾಲ್ಕು ಹೆಜ್ಜೆ ನಡೆದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸುವುದು. ಇವೆಲ್ಲದರ ನಡುವೆ, ಹಾಲು ಕಾದ ಮೇಲೆ ಮತ್ತು ಸ್ನಾನದ ನೀರು ಕಾಯುವ ಮೊದಲು ಸಿಗುವ ನಲವತ್ತು ನಿಮಿಷದಲ್ಲಿ, ಹತ್ತೋ ಹನ್ನೆರಡೋ ಶತ್ರುಗಳನ್ನು ಕೊಲ್ಲುವುದು.

ಕೊಲ್ಲುವ ಕೆಲಸ ಬೇಗ ಮುಗಿಯುತ್ತಿತ್ತು. ಶತ್ರುಗಳು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಸಾಯುವ ಜನ. ಉಳಿದವರನ್ನು ಸಂಭಾಳಿಸುವುದೇ ಕಷ್ಟ. ಅವರಿಗೆ ಕುಡಿಯುವ ನೀರು ಎಲ್ಲಿಂದ ಬರಬೇಕು, ಒದ್ದೆ ಕಾಲುಚೀಲ ಎಲ್ಲಿ ಒಣಗಬೇಕು, ಐದು ಜನಕ್ಕೆ ಮೂರು ಕಂಬಳಿಯಾದರೆ ಯಾರು ಯಾರ ಜೊತೆ ಮಲಗಬೇಕು? ಈ ಲೆಕ್ಕಾಚಾರಕ್ಕೇ ಅವಳ ನಲವತ್ತು ನಿಮಿಷದಲ್ಲಿ ಮೂವತ್ತು ಹೋಗುತ್ತಿತ್ತು.

'ಕ್ಯಾಪ್ಟನ್ ಕೆಂಡ' ಮಾಲೆಯ ಪುಸ್ತಕಗಳು ತೊಂಬತ್ತಾರು ಪುಟದವು. ಜೇಬಿನಲ್ಲಿ ಹಿಡಿಯುತ್ತವೆ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ನೇತಾಡುತ್ತವೆ, ಕ್ಷೌರದಂಗಡಿಯ ಬೆಂಚುಗಳ ಮೇಲೆ ಮುಖಪುಟ ಕಳೆದುಕೊಂಡು ಬಿದ್ದಿರುತ್ತವೆ. ಬರೆದವರು ಯಾರು ಎಂಬ ಕಡೆ 'ಒಬ್ಬ ನಿವೃತ್ತ ಮೇಜರ್' ಎಂದಷ್ಟೇ ಇರುತ್ತದೆ. ಆ ಮೇಜರ್ ಅಂದರೆ ಅವಳ ಭಾವ, ಗಂಡನ ಅಣ್ಣ. ಅವರು ಮೇಜರ್ ಆಗಿರಲಿಲ್ಲ. ಸೈನ್ಯದಲ್ಲಿ ಇಪ್ಪತ್ತು ವರ್ಷ ಇದ್ದದ್ದು ನಿಜ, ಆ ಇಪ್ಪತ್ತು ವರ್ಷವೂ ಉಗ್ರಾಣದಲ್ಲಿ ಗುಮಾಸ್ತರಾಗಿ ಕಂಬಳಿ, ಬೂಟು, ಬಕೆಟ್ಟು ಎಣಿಸಿದ್ದೂ ನಿಜ. ಬಂದೂಕು ಹಿಡಿದದ್ದು ತರಬೇತಿಯಲ್ಲಿ ಮಾತ್ರ. "ನಾನು ಹೊಡೆದ ಗುಂಡು ಪಕ್ಕದವನ ಗುರಿಗೆ ಬಿತ್ತು. ಪಕ್ಕದವನಿಗೆ ಬಹುಮಾನ ಬಂತು" ಎಂದು ಅವರೇ ಹೇಳಿಕೊಂಡು ನಗುವರು. ಮದುವೆಯಾಗಲಿಲ್ಲ. ಕೆಲಸದಿಂದ ಬಿಡುಗಡೆಯಾಗಿ ತಮ್ಮನ ಮನೆಗೆ ಬಂದವರು, ಮುಂದಿನ ಕೋಣೆಯಲ್ಲಿ ಮಂಚ ಹಾಕಿಸಿಕೊಂಡು, ಕಂಬಳಿ ಎಣಿಸುವಾಗ ಇಪ್ಪತ್ತು ವರ್ಷ ತಲೆಯಲ್ಲಿ ತುಂಬಿಟ್ಟುಕೊಂಡಿದ್ದ ಹಾರಾಟ, ಸಿಡಿತ, ಬೆನ್ನಟ್ಟುವಿಕೆಯನ್ನೆಲ್ಲ ಕಾಗದಕ್ಕೆ ಸುರಿಯತೊಡಗಿದರು.

ಅವರ ಅಕ್ಷರ ಇರುವೆ ಶಾಯಿ ಕುಡಿದು ಓಡಾಡಿದ ಹಾಗೆ. ಅಚ್ಚಿನವರಿಗೆ ಓದಲು ಬರದೆ, ಶುದ್ಧ ಪ್ರತಿ ಮಾಡಿಕೊಡುವ ಕೆಲಸ ಅವಳ ಪಾಲಿಗೆ ಬಂತು. "ಇವಳ ಅಕ್ಷರ ದುಂಡಗಿದೆ" ಎಂದು ಗಂಡ ಶಿಫಾರಸು ಮಾಡಿದ. ಮನೆಯಲ್ಲಿ ಹೊಸ ಕೆಲಸವೊಂದು ಹುಟ್ಟಿದಾಗ ಅದಕ್ಕೆ ಅವಳಲ್ಲಿ ಯಾವುದೋ ಒಂದು ಯೋಗ್ಯತೆ ತಪ್ಪದೆ ಕಂಡುಬರುತ್ತಿತ್ತು.

ಹನ್ನೊಂದನೆಯ ಪುಸ್ತಕದವರೆಗೆ ಅವಳು ಕೊಟ್ಟದ್ದನ್ನು ಕೊಟ್ಟ ಹಾಗೆ ಬರೆದಳು. ಹನ್ನೊಂದನೆಯದು ಅಚ್ಚಾಗಿ ಬಂದ ತಿಂಗಳಿಗೆ ಓದುಗನೊಬ್ಬನ ಕಾರ್ಡು ಬಂತು. "ಮಾನ್ಯ ಮೇಜರರೇ, ತಮ್ಮ ಕ್ಯಾಪ್ಟನ್ ಮರಳುಗಾಡಿನಲ್ಲಿ ನಾಲ್ಕು ದಿನ ಒಂದು ತೊಟ್ಟು ನೀರು ಕುಡಿದಿಲ್ಲ. ನನ್ನ ಅಂದಾಜಿನಲ್ಲಿ ನಲವತ್ತನೆಯ ಪುಟದ ಹೊತ್ತಿಗೇ ಸತ್ತಿದ್ದಾನೆ. ಆಮೇಲಿನ ಐವತ್ತಾರು ಪುಟ ಹೋರಾಡಿದ್ದು ಯಾರು, ದಯವಿಟ್ಟು ತಿಳಿಸಿ." ಭಾವ ಕಾರ್ಡನ್ನು ಎರಡು ಸಲ ಓದಿ ತಲೆ ಕೆರೆದುಕೊಂಡರು.

"ಶುದ್ಧ ಪ್ರತಿ ಮಾಡುವಾಗ ನಿನಗಾದ್ರೂ ಗೊತ್ತಾಗಲಿಲ್ವೇನಮ್ಮ?"

"ಗೊತ್ತಾಯ್ತು ಭಾವ. ಎರಡನೇ ದಿನಾನೇ ಬಾಯಾರಿತು ನನಗೆ."

"ಮತ್ತೆ ಹೇಳಬಾರ್ದಾ?"

"ನನ್ನ ಕೆಲಸ ದುಂಡಗೆ ಬರೆಯೋದು ಅಂತಿದ್ರಲ್ಲ."

ಅವರು ಗಹಗಹಿಸಿ ನಕ್ಕರು. ಅಂದಿನಿಂದ ಕ್ಯಾಪ್ಟನ್ನನ ನೀರು, ಊಟ, ಬಟ್ಟೆ, ನಿದ್ದೆ ಅವಳ ಸುಪರ್ದಿಗೆ ಬಂದವು. ಹಾರುವುದು, ಸಿಡಿಸುವುದು, ಒಂದೇ ಕೈಯಲ್ಲಿ ಹೆಲಿಕಾಪ್ಟರಿಗೆ ನೇತಾಡುವುದು ಭಾವನ ಕಡೆ ಉಳಿದವು. "ಆಕಾಶ ನಂದು, ನೆಲ ನಿಂದು" ಎಂದು ಭಾವ ಒಪ್ಪಂದ ಮಾಡಿದರು.

ನೆಲದ ವಿಷಯ ಅವಳಿಗೆ ತಿಳಿದದ್ದು ಕಾರ್ಖಾನೆಯಿಂದ. ಸಮವಸ್ತ್ರ ದುರಸ್ತಿ ಮಾಡುವ ಕಾರ್ಖಾನೆ ಅದು. ಎಲ್ಲೆಲ್ಲಿಂದಲೋ ಸೈನಿಕರ ಹರಿದ ಬಟ್ಟೆ ಮೂಟೆ ಕಟ್ಟಿಕೊಂಡು ಬರುತ್ತಿತ್ತು. ಉದ್ದನೆಯ ಹಜಾರದಲ್ಲಿ ಅರವತ್ತು ಹೆಂಗಸರು ಸಾಲಾಗಿ ಕೂತು ತೇಪೆ ಹಾಕುವರು, ಹೊಲಿಗೆ ಬಿಗಿಯುವರು, ಗುಂಡಿ ಹಚ್ಚುವರು. ಅವಳದು ರಫೂ ಮೇಜು, ಆ ಹೆಸರು ಬಂದದ್ದೂ ಅದರಿಂದಲೇ. ಹರಿದ ಜಾಗ ಕಾಣದ ಹಾಗೆ ನೇಯಬೇಕು. ಅದಕ್ಕೆ ಹೊರಗಿನ ದಾರ ಆಗದು, ಬಣ್ಣ ಕೂಡುವುದಿಲ್ಲ. ಅದೇ ಪ್ಯಾಂಟಿನ ಒಳಮಡಿಕೆಯಿಂದ, ಯಾರ ಕಣ್ಣಿಗೂ ಬೀಳದ ಜಾಗದಿಂದ, ಎಳೆ ಎಳೆಯಾಗಿ ದಾರ ಬಿಡಿಸಿ ತೂತು ತುಂಬಬೇಕು. ಹದಿನೆಂಟು ವರ್ಷದಲ್ಲಿ ಅವಳು ಗುಂಡು ತೂರಿದ ತೂತನ್ನು ನೋಡಿದ್ದು ಒಂದೇ ಸಲ. ಉಳಿದದ್ದೆಲ್ಲ ಮೊಣಕಾಲು, ಮೊಣಕೈ, ಕೂರುವ ಜಾಗ. ಮುಳ್ಳುತಂತಿ ಗೀರಿದ್ದು, ಒಲೆಯ ಕಿಡಿ ಹಾರಿದ್ದು, ಇಲಿ ಕಚ್ಚಿದ್ದು. ಯುದ್ಧವೆಂದರೆ ಬಹಳ ಮಟ್ಟಿಗೆ ತೆವಳುವುದು ಮತ್ತು ಕಾಯುತ್ತಾ ಕೂರುವುದು ಎಂದು ಅವಳಿಗೆ ಪ್ಯಾಂಟುಗಳೇ ಹೇಳಿದ್ದವು. ಹಾಗಾಗಿ ಹನ್ನೆರಡನೆಯ ಪುಸ್ತಕದಿಂದ ಕ್ಯಾಪ್ಟನ್ ಕೆಂಡನ ಪ್ಯಾಂಟಿನ ಮೊಣಕಾಲು ಹರಿಯತೊಡಗಿತು. ಓದುಗರ ಕಾರ್ಡುಗಳೂ ಹೆಚ್ಚಾದವು.

ಪಕ್ಕದ ಮೇಜಿನ ಗುಂಡಿ ಅಕ್ಕ ಈ ಮಾಲೆಯ ಮಹಾ ಭಕ್ತೆ. ಊಟದ ಡಬ್ಬಿಯ ಕೆಳಗೆ ಪುಸ್ತಕ ಬಚ್ಚಿಟ್ಟುಕೊಂಡು ಓದುವಳು. "ಈ ಮೇಜರ್‌ಗೆ ಹೆಂಡತಿ ಇರ್ಲೇಬೇಕು ಕಣೇ" ಎಂದಳು ಒಮ್ಮೆ. "ಇಲ್ಲಾಂದ್ರೆ ಗಂಡಸಿಗೆ ತನ್ನ ಪ್ಯಾಂಟು ಎಲ್ಲಿ ಹರಿಯುತ್ತೆ ಅಂತ ಹೆಂಗೆ ಗೊತ್ತಾಗುತ್ತೆ? ಹರಿದ ಮೇಲೆ ಬಿಚ್ಚಿ ಎಸೆಯೋದು ಮಾತ್ರ ಅವರಿಗೆ ಗೊತ್ತು." ರಫೂ ಅಕ್ಕ ಸೂಜಿ ಬಾಯಲ್ಲಿ ಕಚ್ಚಿಕೊಂಡು ನಗು ತಡೆದಳು.

ನಾಲ್ಕು ವರ್ಷದ ಹಿಂದೆ ಭಾವನಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿದ್ದುಹೋಯಿತು, ಎಡಗಾಲಿಗೂ ನಿಲ್ಲುವಷ್ಟು ಬಲ ಉಳಿಯಲಿಲ್ಲ. ಮಾತು ತಿಂಗಳೊಪ್ಪತ್ತಿನಲ್ಲಿ ಮರಳಿತು, ಎಡಗೈ ಚೆನ್ನಾಗಿತ್ತು, ತಲೆಯೊಳಗಿನ ಹೆಲಿಕಾಪ್ಟರು ಮೊದಲಿಗಿಂತ ಜೋರಾಗಿ ಹಾರಾಡುತ್ತಿತ್ತು. ಅವರು ಹೇಳುವುದು, ಅವಳು ಬರೆಯುವುದು ಎಂದಾಯಿತು. ಆಮೇಲೆ ಅವರು ಅರ್ಧ ಹೇಳುವುದು, ಅವಳು ಪೂರ್ತಿ ಬರೆಯುವುದು ಎಂದಾಯಿತು. ಈಚಿನ ಐದು ಪುಸ್ತಕಗಳಲ್ಲಿ ಭಾವನದು ಒಂದೊಂದು ಜಿಗಿತ, ಒಂದೊಂದು ಸ್ಫೋಟ. ಮಿಕ್ಕದ್ದೆಲ್ಲ ಅವಳದು. ಆದರೂ ಮನೆಗೆ ಬಂದವರಿಗೆ ಗಂಡ ಹೇಳುವುದು ಒಂದೇ ಮಾತು: "ಅಣ್ಣ ಬರೀತಾನೆ. ಇವಳು ಕಾಪಿ ಮಾಡ್ತಾಳೆ."

ಗಂಡ ಬಸ್ ಡಿಪೋದಲ್ಲಿ ಸಮಯಪಾಲಕ. ಎಲ್ಲ ಬಸ್ಸೂ ಸಮಯಕ್ಕೆ ಹೊರಡಬೇಕು ಎಂಬುದರಲ್ಲಿ ಕಟ್ಟುನಿಟ್ಟು. ಅಣ್ಣನ ಮೇಲೆ ಪ್ರೀತಿ ಉಂಟು, ಆದರೆ ಸೊಂಟನೋವೂ ಉಂಟು. ಟೀವಿಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಆ ಸೊಂಟ ಸುಮ್ಮನಿರುತ್ತಿತ್ತು. ಅಣ್ಣನನ್ನು ಬಚ್ಚಲಿಗೆ ಒಯ್ಯಬೇಕಾದಾಗ ಎದ್ದು ಕೂರುತ್ತಿತ್ತು. "ಅವಳಿಗೆ ಅಭ್ಯಾಸ ಆಗಿದೆ, ನಾನು ಎತ್ತಿದ್ರೆ ಅಣ್ಣನಿಗೆ ನೋವಾಗುತ್ತೆ" ಎನ್ನುವನು.

ಅಭ್ಯಾಸ ಆಗಿದ್ದದ್ದು ನಿಜವೇ. ಮಂಚದ ಅಂಚಿನಲ್ಲಿ ಭಾವನನ್ನು ಕೂರಿಸಿ, ಬೆನ್ನು ತಿರುಗಿಸಿ ಮಂಡಿ ಮಡಿಸಿ, ಅವರ ಜೀವವಿಲ್ಲದ ಬಲಗೈಯನ್ನು ತನ್ನ ಹೆಗಲ ಮೇಲಿಂದ ಎದೆಗೆ ಎಳೆದುಕೊಳ್ಳುವಳು. ಇನ್ನೊಂದು ಕೈ ಹಿಂದೆ ಹಾಕಿ ಅವರ ಪಾಯಿಜಾಮದ ಸೊಂಟಪಟ್ಟಿ ಹಿಡಿಯುವಳು. ಮುಂದಕ್ಕೆ ಬಾಗಿದರೆ ಅವರು ಬೆನ್ನಿಗೆ ಬರುವರು, ಕಾಲ್ಬೆರಳು ನೆಲ ಸವರುವುದು. ಅವರು ಎತ್ತರದ ಆಳು. ಅವಳು ಅವರ ಭುಜಕ್ಕೆ ಬರುವಷ್ಟು. ಏಳುವಾಗ ಅವಳ ಎಡ ಮಂಡಿ ಲಟಕ್ಕೆನ್ನುವುದು. ತಮ್ಮನ ಹೆಂಡತಿಯ ಮೈ ಹಿಡಿಯಬಾರದೆಂಬ ಸಂಕೋಚಕ್ಕೆ ಭಾವ ತಮ್ಮ ಒಳ್ಳೆಯ ಎಡಗೈಯನ್ನು ತಮ್ಮ ಎದೆಗೇ ಒತ್ತಿ ಹಿಡಿದುಕೊಂಡಿರುವರು. ಆ ಮುಷ್ಟಿ ಅವಳ ಬೆನ್ನುಮೂಳೆಗೆ ಒತ್ತುವುದು. ಮೂರನೆಯದೋ ನಾಲ್ಕನೆಯದೋ ಹೆಜ್ಜೆಗೆ, ದಿನವೂ, ಕಿವಿಯ ಹತ್ತಿರ ಅವರು ಕೇಳುವರು:

"ಭಾರ ಇದೀನೇನಮ್ಮ?"

"ಹತ್ತಿ ಮೂಟೆ ಇದ್ದ ಹಾಗಿದೀರಿ, ಭಾವ."

ನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಒಂದು ದಿನವೂ ತಪ್ಪಿರಲಿಲ್ಲ, ಆ ಉತ್ತರವೂ.

ಇಪ್ಪತ್ತೈದನೆಯ ಪುಸ್ತಕಕ್ಕೆ ಮುಖಪುಟ ಮೊದಲೇ ಅಚ್ಚಾಗಿತ್ತು. ಈ ವ್ಯವಹಾರದಲ್ಲಿ ಅದೇ ಪದ್ಧತಿ: ಚಿತ್ರ ಮೊದಲು, ಕಥೆ ಆಮೇಲೆ. ಪ್ರಕಾಶಕರು ಸ್ಕೂಟರಿನಲ್ಲಿ ಬಂದು ಮುಖಪುಟ ಕೊಟ್ಟು ಹೋಗುವರು, ಕಥೆ ಆ ಚಿತ್ರದೊಳಗೆ ಹೋಗಿ ಕೂರಬೇಕು. ಈ ಸಲದ ಚಿತ್ರದಲ್ಲಿ ಕ್ಯಾಪ್ಟನ್ ಕೆಂಡ ಒಂದು ಆಳವಾದ ಕಂದರದ ಮೇಲೆ ಗಾಳಿಯಲ್ಲಿದ್ದ. ಬೆನ್ನ ಮೇಲೆ ಗಾಯಗೊಂಡ ಸಂಗಾತಿ. ಹಿಂದೆ ಬೆಂಕಿ. ರಫೂ ಅಕ್ಕ ಮೊದಲು ನೋಡಿದ್ದು ಪ್ಯಾಂಟನ್ನು.

"ಇಸ್ತ್ರಿ ಗೆರೆ ಹಾಗೇ ಇದೆಯಲ್ಲ ಭಾವ. ಮೂರು ದಿನ ಕಾಡಲ್ಲಿ ಓಡಿದವನದು."

"ಪ್ಯಾಂಟು ಬಿಡು. ಹಾರ್ತಿದಾನೆ ನೋಡು!" ಭಾವನ ಕಣ್ಣು ಹೊಳೆಯುತ್ತಿತ್ತು.

"ಇನ್ನೊಬ್ಬನ್ನ ಹೊತ್ಕೊಂಡು ಇಷ್ಟಗಲ ಹಾರೋಕಾಗುತ್ತಾ?"

"ಆಗಲ್ಲ. ಅಂಗಳದಷ್ಟೂ ಆಗಲ್ಲ. ಆಗಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳು? ಗೊತ್ತಿರೋದಕ್ಕೇ ಹಾರಿಸೋದು." ಅವರು ಎಡಗೈಯಲ್ಲಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಹಾರೋದು ನನಗೆ ಬಿಡು. ಕಂದರದ ಅಂಚಿನವರೆಗೆ ಅವನನ್ನ ನಡೆಸ್ಕೊಂಡು ಬರೋದು ನಿನ್ನ ಕೆಲಸ."

ಅವಳು ನಡೆಸಿಕೊಂಡು ಬಂದಳು. ಇಪ್ಪತ್ತನಾಲ್ಕು ಪುಸ್ತಕಗಳಲ್ಲಿ ಗಾಯಗೊಂಡವರು ಎಷ್ಟೋ ಜನ ಕ್ಯಾಪ್ಟನ್ನನ ಹೆಗಲೇರಿದ್ದರು. ಒಬ್ಬರಾದರೂ ಬಾಯಿ ಬಿಟ್ಟಿರಲಿಲ್ಲ. ಅಕ್ಕಿ ಮೂಟೆಯಂತೆ ಬಿದ್ದುಕೊಂಡಿದ್ದು, ಕೊನೆಯ ಪುಟದಲ್ಲಿ ಕಣ್ಣು ತೆರೆದು "ಥ್ಯಾಂಕ್ಸ್ ಕ್ಯಾಪ್ಟನ್" ಎನ್ನುವರು. ಬೆನ್ನ ಮೇಲಿರುವ ಮನುಷ್ಯ ಹಾಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಉಸಿರಾಡುತ್ತಾನೆ, ಕೆಮ್ಮುತ್ತಾನೆ, ನಾಚುತ್ತಾನೆ, ಮಾತಾಡುತ್ತಾನೆ. ಒಂದು ಬೆಳಗಿನ ಜಾವ ಹಾಲು ಕಾಯುವ ಮೊದಲೇ ಕೂತು ಪೆನ್ನು ನಿಲ್ಲಿಸದೆ ಬರೆದಳು. ಹಾಲು ಉಕ್ಕಿ ಒಲೆಯೆಲ್ಲ ಬಿಳಿಯಾದದ್ದು ವಾಸನೆ ಬಂದ ಮೇಲೆ ತಿಳಿಯಿತು. ಮದುವೆಯಾದಾಗಿನಿಂದ ಅವಳ ಕೈಯಲ್ಲಿ ಹಾಲು ಉಕ್ಕಿದ್ದು ಅದೇ ಮೊದಲು.

ಬುಧವಾರ ಸಂಜೆ ಪ್ರಕಾಶಕರು ಬಂದರು. ಶನಿವಾರ ಬೆಳಿಗ್ಗೆ ಹಸ್ತಪ್ರತಿ ಅಚ್ಚಿಗೆ ಹೋಗಬೇಕಿತ್ತು. ಎಲ್ಲಿಯವರೆಗೆ ಬಂದಿದೆ ಕೇಳೋಣವೆಂದು ಕುರ್ಚಿ ಎಳೆದುಕೊಂಡು ಕೂತರು. ಗಂಡನೂ ಟೀವಿಯ ಸದ್ದು ಸಣ್ಣದು ಮಾಡಿ ಬಂದು ಬಾಗಿಲಿಗೆ ಒರಗಿದ. ಕಿಟಕಿಯ ಪಕ್ಕ ಭಾವ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಓದಿದಳು.

"ಕ್ಯಾಪ್ಟನ್ ಕೆಂಡ ಬೆನ್ನು ತಿರುಗಿಸಿ ಮಂಡಿ ಮಡಿಸಿದ. ಗಾಯಾಳುವಿನ ಜೀವವಿಲ್ಲದ ತೋಳನ್ನು ಹೆಗಲ ಮೇಲಿಂದ ಎಳೆದುಕೊಂಡ. ಹಿಂದೆ ಕೈ ಹಾಕಿ ಸೊಂಟಪಟ್ಟಿ ಹಿಡಿದ. ಹಿಡಿತ ಬಟ್ಟೆಯಲ್ಲಿರಬೇಕು, ಮೈ ಬೆವರಿಗೆ ಜಾರುತ್ತದೆ. ಏಳುವಾಗ ಎಡ ಮಂಡಿ ಲಟಕ್ಕೆಂದಿತು. ನಾಲ್ಕನೆಯ ಹೆಜ್ಜೆಗೆ ಕಿವಿಯ ಹತ್ತಿರ ಬಿಸಿ ಉಸಿರು. 'ನಾನು ಭಾರ ಇದೀನಾ?' ಎಂದ ಗಾಯಾಳು. 'ಹತ್ತಿ ಮೂಟೆ ಇದ್ದ ಹಾಗಿದೀಯ' ಎಂದ ಕ್ಯಾಪ್ಟನ್. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು."

ಪ್ರಕಾಶಕರು ತೊಡೆ ತಟ್ಟಿದರು. "ಆಹಾ! ಇಪ್ಪತ್ತನಾಲ್ಕು ಪುಸ್ತಕದಲ್ಲಿ ಇಂಥ ಮಾತು ಬಂದಿರಲಿಲ್ಲ ಸಾರ್. ಓದಿದವನು ಅಳ್ತಾನೆ!"

ಬಾಗಿಲಿನಿಂದ ಗಂಡ ಗೊಳ್ಳೆಂದು ನಕ್ಕ. "ಅಳೋದೇನು ಬಂತು, ಇದು ನಮ್ಮನೆ ದಿನದ ಮಾತು! ದಿನಾ ಬೆಳಿಗ್ಗೆ ನನಗೆ ಹಾಸಿಗೆಗೇ ಕೇಳಿಸುತ್ತೆ. ಅಣ್ಣ 'ಭಾರ ಇದೀನೇನಮ್ಮ' ಅಂತಾನೆ, ಇವಳು 'ಹತ್ತಿ ಮೂಟೆ' ಅಂತಾಳೆ! ಎತ್ತಿ ಹಾಗೇ ಇಳಿಸಿಬಿಟ್ಟಿದಾಳೆ!"

ಪ್ರಕಾಶಕರು ಭಾವನ ಕಡೆ ನೋಡಿದರು, ಆಮೇಲೆ ಅವಳ ಕಡೆ ನೋಡಿದರು. ಬುದ್ಧಿವಂತ ಮನುಷ್ಯ. "ಅಂದ್ರೆ ಬರೆದಿದ್ದು ನೀವು, ಅಮ್ಮಾವ್ರೇ?" ಎಂದರು. ಅವಳು ಹಾಳೆಗಳನ್ನು ಜೋಡಿಸತೊಡಗಿದಳು. "ಹಾಗಿದ್ರೆ ಮುಂದಿನ ಪುಸ್ತಕದಿಂದ ನಿಮ್ಮ ಹೆಸರನ್ನೂ ಹಾಕೋಣ. 'ಒಬ್ಬ ನಿವೃತ್ತ ಮೇಜರ್' ಜೊತೆಗೇ ಬರಲಿ. ಆದ್ರೆ ಒಂದು ಮಾತು, ಈ ಹತ್ತಿ ಮೂಟೆಯ ಮೂರು ಸಾಲು ಮಾತ್ರ ಮುಟ್ಟಬೇಡಿ."

ಹೆಸರು! ಕಾರ್ಖಾನೆಯ ಹಾಜರಿ ಪುಸ್ತಕ ಬಿಟ್ಟರೆ ಅವಳ ಹೆಸರು ಬೇರೆಲ್ಲೂ ಬರೆದಿರಲಿಲ್ಲ. ಅಲ್ಲೂ ಬರೆದವನು ಅರ್ಧ ನುಂಗಿಹಾಕಿದ್ದ. ಆ ಖುಷಿಯಲ್ಲೇ ಭಾವನ ಕಡೆ ತಿರುಗಿದಳು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಎಡಗೈ ಎದೆಯ ಮೇಲೆ ಮುಷ್ಟಿಯಾಗಿತ್ತು, ಹೊತ್ತುಕೊಂಡಾಗ ಇರುತ್ತಿದ್ದ ಹಾಗೆಯೇ.

ಗುರುವಾರ ಬೆಳಿಗ್ಗೆ ಅವಳು ಮಂಚದ ಬಳಿ ಬಂದು ಬೆನ್ನು ತಿರುಗಿಸಿದಾಗ ಭಾವ ಅಲ್ಲಾಡಲಿಲ್ಲ. "ಇವತ್ತು ಬೇಡಮ್ಮ. ಇಲ್ಲೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡು."

"ಜ್ವರವಾ?"

"ಇಲ್ಲ. ಸುಮ್ಮನೆ."

ಶುಕ್ರವಾರವೂ ಅದೇ. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಉಳಿಯಿತು. ಆ ಕುರ್ಚಿಯಿಂದ ರಸ್ತೆ ಕಾಣುತ್ತಿತ್ತು, ಸೈಕಲ್ ಅಂಗಡಿಯವನು ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದ, ಶಾಲೆಯ ಮಕ್ಕಳು ಜಗಳವಾಡುತ್ತ ಹೋಗುತ್ತಿದ್ದವು. ಮಂಚದಿಂದ ಕಾಣುತ್ತಿದ್ದದ್ದು ಸೂರು ಮಾತ್ರ. ಬಚ್ಚಲಿಗೆ ಹೋಗುವುದು ಬೇಡವೆಂದು ಅವರು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದರು. ಲೋಟದಲ್ಲಿ ಗುರುವಾರ ಬೆಳಿಗ್ಗೆ ಇಟ್ಟ ನೀರು ಸಂಜೆಗೂ ಹಾಗೇ ಇತ್ತು. ನಾಲ್ಕು ದಿನ ನೀರು ಕುಡಿಯದ ಕ್ಯಾಪ್ಟನ್ ಅವಳಿಗೆ ನೆನಪಾದ. ಹೀಗೇ ಇನ್ನೊಂದು ವಾರ ಹೋದರೆ ಈ ಮನುಷ್ಯ ಮಂಚದಿಂದ ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು.

"ಅಣ್ಣ ಯಾಕೋ ಮಂಕಾಗಿದಾನೆ" ಎಂದ ಗಂಡ, ಶೂ ಹಾಕಿಕೊಳ್ಳುತ್ತ. "ನೀನೇನಾದ್ರೂ ಅಂದ್ಯಾ?"

"ನಾನು ಓದಿದೆ. ನೀವು ನಕ್ಕಿರಿ."

"ನಗೋ ಮಾತಿಗೆ ನಗದೆ ಇರ್ತಾರಾ?" ಎಂದು ಗಡಿಯಾರ ನೋಡಿಕೊಂಡು ಹೊರಟುಹೋದ. ಬಸ್ಸುಗಳು ಕಾಯುತ್ತಿದ್ದವು.

ಕಾರ್ಖಾನೆಯಲ್ಲಿ ಅವಳು ಒಂದು ಪ್ಯಾಂಟಿನ ಹರಿದ ಮೊಣಕಾಲಿಗೇ ಎರಡು ಗಂಟೆ ಕಳೆದಳು. ಗುಂಡಿ ಅಕ್ಕ ಗಮನಿಸಿದಳು. "ಏನೇ, ದಾರ ಒಳಗೆ ಹೋಗ್ತಿಲ್ವಾ, ಮನಸ್ಸು ಹೋಗ್ತಿಲ್ವಾ?" ರಫೂ ಅಕ್ಕ ಪುಸ್ತಕದ ಮಾತೆತ್ತದೆ, ಭಾವ ಎತ್ತಿಸಿಕೊಳ್ಳಲು ಒಪ್ಪುತ್ತಿಲ್ಲ ಎಂದಷ್ಟು ಹೇಳಿದಳು. ಭಾರ ಎಂದು ಅವರಿಗೆ ಬೇಜಾರು ಎಂದಳು.

"ಭಾರ ಅಲ್ದೆ ಇನ್ನೇನು, ಮನುಷ್ಯರು ಭಾರಾನೇ" ಎಂದಳು ಗುಂಡಿ ಅಕ್ಕ, ಹಲ್ಲಿನಲ್ಲಿ ದಾರ ಕತ್ತರಿಸುತ್ತ. "ನಮ್ಮಮ್ಮನ್ನ ಏಳು ವರ್ಷ ಎತ್ತಿದೀನಿ. ದಿನಾ ಬಯ್ತಿದ್ದೆ, 'ಹೆಣಭಾರ ಇದೀಯ, ಸರಿಯಾಗಿ ಹಿಡ್ಕೊಳ್ಳೇ ಮುದುಕಿ, ನನ್ನ ಸೊಂಟ ಮುರೀತೀಯ' ಅಂತ. ಅವಳೂ ಬಯ್ಕೊಂಡೇ ಗಟ್ಟಿಯಾಗಿ ಹಿಡ್ಕೊಳ್ತಿದ್ಲು. ಹಿಡ್ಕೊಂಡ್ರೆ ಅರ್ಧ ಭಾರ ಕಮ್ಮಿ. ಹಗುರ ಇದೀಯ ಅಂದ್ರೆ ಯಾಕೆ ಹಿಡ್ಕೊಳ್ತಾಳೆ?"

ರಫೂ ಅಕ್ಕನ ಸೂಜಿ ನಿಂತಿತು. ಬೆನ್ನುಮೂಳೆಗೆ ಒತ್ತುವ ಆ ಮುಷ್ಟಿ ನೆನಪಾಯಿತು. ನಾಲ್ಕು ವರ್ಷ ಒಂದು ಒಳ್ಳೆಯ ಕೈ ಅವಳ ಬೆನ್ನಿಗೂ ಅವರ ಎದೆಗೂ ನಡುವೆ ಸುಮ್ಮನೆ ಕೂತಿತ್ತು.

ಸಂಜೆ ಅವಳು ಭಾವನ ಮಂಚದ ಪಕ್ಕ ಸ್ಟೂಲೆಳೆದುಕೊಂಡು ಕೂತಳು. ನೀರಿನ ಲೋಟ ಕೈಗಿತ್ತಳು. ಅವರು ಒಂದು ಗುಟುಕು ಕುಡಿದು ವಾಪಸು ಕೊಟ್ಟರು.

"ತಪ್ಪಾಯ್ತು ಭಾವ."

"ಏನು ತಪ್ಪು? ಚೆನ್ನಾಗಿ ಬರೆದಿದೀಯ. ಅದೇ ತೊಂದರೆ." ಅವರು ಮುಖ ಸೂರಿನತ್ತ ತಿರುಗಿಸಿದರು. "ನೀನು ರಫೂ ಹಾಕೋದು ಹೇಗೆ ಅಂತ ಒಂದ್ಸಲ ಹೇಳಿದ್ದೆ ನೆನಪಿದೆಯಾ? ಒಳಮಡಿಕೆಯಿಂದ ದಾರ ಎಳೀತೀನಿ ಅಂತ. ಯಾರಿಗೂ ಕಾಣಲ್ಲ ಅಂತ. ಈ ಸಲ ನನ್ನ ಮಡಿಕೆ ಬಿಚ್ಚಿ ಎಳೆದೆಯಮ್ಮ. ಎಲ್ಲರಿಗೂ ಕಾಣಿಸ್ತು."

ಅವಳು ಲೋಟವನ್ನು ನೆಲದ ಮೇಲಿಟ್ಟಳು.

"ಒಂದು ಕೇಳ್ಲಾ?" ಎಂದರು ಭಾವ. "ಇಬ್ಬರಿಗೂ ಗೊತ್ತಿತ್ತು ಅಂತ ಬರೆದಿದೀಯ. ನನಗೆ ಗೊತ್ತಿರಲಿಲ್ಲ. ಪೂರ್ತಿ ಗೊತ್ತಿರಲಿಲ್ಲ. ಲಕ್ವ ಹೊಡೆದ ಮೇಲೆ ಮೈ ಒಣಗಿ ನಿಜವಾಗ್ಲೂ ಹಗುರ ಆಗಿರಬಹುದು ಅಂದ್ಕೊಂಡಿದ್ದೆ. ಸುಳ್ಳಾ ಅದು?"

"ಸುಳ್ಳೇ ಭಾವ."

"ಹೂಂ." ಅವರ ಬಾಯಿಯ ಎಡತುದಿ ಸ್ವಲ್ಪ ಮೇಲೆದ್ದಿತು. "ಚೆನ್ನಾಗಿ ಹೇಳ್ತಿದ್ದೆ. ಇಪ್ಪತ್ತೈದು ಪುಸ್ತಕ ಬರೆದೋನಿಗೇ ಗೊತ್ತಾಗ್ಲಿಲ್ಲ ನೋಡು."

"ಆ ಸಾಲು ತೆಗೆದುಬಿಡ್ಲಾ?"

"ನನ್ನ ಕೇಳಬೇಡ. ತೆಗಿ ಅಂದ್ರೆ ತೆಗೀತೀಯ, ಇಡು ಅಂದ್ರೆ ಇಡ್ತೀಯ. ಇಷ್ಟು ವರ್ಷ ಎಲ್ಲರೂ ಹೇಳಿದ್ದನ್ನೇ ಮಾಡಿದೀಯ. ಇದೊಂದು ನೀನೇ ನೋಡ್ಕೋ. ನಿನ್ನ ಹೆಸರು ಬರೋದೂ ಅದರಲ್ಲಿದೆ, ನನಗೆ ಕಿವಿ ಇದೆ." ಅವರು ಕಣ್ಣು ಮುಚ್ಚಿಕೊಂಡರು. "ಹಾರಿಸೋದು ಮಾತ್ರ ಮರೀಬೇಡ. ಮುಖಪುಟ ಅಚ್ಚಾಗಿದೆ."

ಶನಿವಾರ ನಾಲ್ಕೂವರೆಗೆ ಅವಳು ಅಲಾರಾಮಿನ ಬಾಯಿ ಮುಚ್ಚಲಿಲ್ಲ. ಅದು ಬಡಿದುಕೊಂಡು ತಾನಾಗಿ ಸುಮ್ಮನಾಯಿತು. ಗಂಡ ಏನೋ ಗೊಣಗಿ ಮಗ್ಗುಲಾದ. ನಲ್ಲಿ ತಿರುಗಿಸಿ ಡ್ರಮ್ಮಿಗೆ ನೀರು ಬಿಟ್ಟಳು, ಒಲೆ ಹಚ್ಚಲಿಲ್ಲ. ಅಡುಗೆಮನೆಯ ಮೇಜಿನ ಮೇಲಿದ್ದ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, ಹಸ್ತಪ್ರತಿ ಹರಡಿಕೊಂಡು ಕೂತಳು. ಹೊರಗೆ ಇನ್ನೂ ಕತ್ತಲು, ಬೀದಿದೀಪದ ಕೆಳಗೆ ಹಾಲಿನ ಗಾಡಿ ನಿಂತಿತ್ತು.

ಎಂಬತ್ತೊಂದನೆಯ ಪುಟ. ಮೂರು ಸಾಲು. ಅವನ್ನು ತೆಗೆದರೆ ಹೊತ್ತವನು ಮತ್ತೆ ಕಲ್ಲಾಗುತ್ತಾನೆ, ಹೊತ್ತುಕೊಂಡದ್ದು ಮೂಟೆಯಾಗುತ್ತದೆ. ಕ್ಯಾಪ್ಟನ್ ಹಾರುತ್ತಾನೆ, ಆದರೆ ಭಾರವಿಲ್ಲದವನನ್ನು ಬೆನ್ನಿಗೆ ಹಾಕಿಕೊಂಡು ಹಾರಿದರೆ ಅದೇನು ಹಾರಿದಂತೆ? ಇಟ್ಟರೆ ಆ ಪುಸ್ತಕ ಎಲ್ಲ ಕ್ಷೌರದಂಗಡಿಗೂ ಹೋಗುತ್ತದೆ, ಮಂಚದ ಮೇಲಿನ ಆ ಮನುಷ್ಯನ ಸಂಕೋಚ ತಲೆ ಕತ್ತರಿಸಿಕೊಳ್ಳುತ್ತ ಕೂತವರ ಕೈಗೆಲ್ಲ ಸಿಗುತ್ತದೆ.

ಅವಳು ಸಾಲುಗಳನ್ನು ಬಟ್ಟೆ ನೋಡುವ ಹಾಗೆ ನೋಡಿದಳು. ಯಾವ ಎಳೆ ಯಾರದು? 'ಭಾರ ಇದೀನಾ' ಎಂಬ ಪ್ರಶ್ನೆ ಭಾವನದು. ಅದನ್ನು ಅವರು ಕೇಳಿದ್ದು ಅವಳ ಕಿವಿಗೆ ಮಾತ್ರ. ಹತ್ತಿ ಮೂಟೆ ಅವಳ ಸುಳ್ಳು, ಅದರ ಅವಧಿ ಮುಗಿದಿತ್ತು. ಆದರೆ ಲಟಕ್ಕೆನ್ನುವ ಮಂಡಿ ಯಾರದು? ಸೊಂಟಪಟ್ಟಿ ಹಿಡಿದು ಬೆರಳು ಮರಗಟ್ಟಿದ್ದು ಯಾರಿಗೆ? ಆ ಭಾರವನ್ನು ನಾಲ್ಕು ವರ್ಷ ಬೆಳಗಿನ ಜಾವ ಹೊತ್ತವಳು ತಾನು. ಅದು ತನ್ನದು. ಅದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ.

ಮೂರು ಸಾಲಿನ ಮೇಲೆ ಗೆರೆ ಎಳೆದಳು. ಗೆರೆಯಡಿಯ ಅಕ್ಷರ ಕಾಣದಷ್ಟು ದಪ್ಪಗೆ ಎಳೆದಳು. ಪಕ್ಕದ ಖಾಲಿ ಅಂಚಿನಲ್ಲಿ, ದುಂಡಗೆ ಬರೆದಳು:

"ಯಾರೂ ಕೇಳದಿದ್ದರೂ ಕ್ಯಾಪ್ಟನ್ ಹೇಳಿದ: 'ನೀನು ಭಾರ ಇದೀಯ. ಒಂದು ಒಳ್ಳೇ ಕೈ ಇದೆಯಲ್ಲ, ಅದರಲ್ಲಿ ನನ್ನ ಬೆಲ್ಟು ಹಿಡ್ಕೋ.' ಗಾಯಾಳು ಹಿಡಿದುಕೊಂಡ. ಭಾರ ಅಷ್ಟೇ ಇತ್ತು, ಈಗ ಇಬ್ಬರಿಗೆ ಹಂಚಿಹೋಯಿತು. ಮುಂದೆ ಕಂದರ. ಇಷ್ಟಗಲ ಯಾರೂ ಹಾರಿರಲಿಲ್ಲ. ಕ್ಯಾಪ್ಟನ್ ಕೆಂಡ ಹರಿದ ಮೊಣಕಾಲು ಮಡಿಸಿ ಹಾರಿದ."

ಒಮ್ಮೆ ಓದಿಕೊಂಡಳು. ಹಾರಿದ ಎಂಬ ಪದದ ಮೇಲೆ ಬೆರಳಿಟ್ಟಳು. ಆಗದ ಕೆಲಸ. ಆದರೂ ಈ ಮನುಷ್ಯನಾದರೆ ಹಾರಬಹುದು ಅನ್ನಿಸಿತು.

ಹಾಳೆಗಳನ್ನು ಜೋಡಿಸಿ ದಪ್ಪ ಲಕೋಟೆಗೆ ತುಂಬಿದಳು. ಅಂಟು ಹಚ್ಚುವ ಮೊದಲು ಒಂದು ಚೀಟಿ ಹರಿದು ಪ್ರಕಾಶಕರಿಗೆ ಎರಡು ಸಾಲು ಬರೆದಳು. "ನೀವು ಮುಟ್ಟಬೇಡಿ ಎಂದ ಮೂರು ಸಾಲನ್ನು ತೆಗೆದಿದ್ದೇನೆ. ಅವು ನನ್ನವಲ್ಲ. ಉಳಿದ ಪುಟಗಳು ನನ್ನವು, ಹೆಸರಿನ ಮಾತು ಹಾಗೇ ಇರಲಿ." ಹಾಗೇ ಇರಲಿ ಎಂಬುದು ಕೇಳಿಕೊಂಡ ಹಾಗಿದೆ ಅನ್ನಿಸಿತು. ಕೊನೆಯ ನಾಲ್ಕು ಪದ ಹೊಡೆದು 'ಹೆಸರು ಹಾಕಿ' ಎಂದು ತಿದ್ದಿದಳು. ಕೆಳಗೆ ಸಹಿ ಮಾಡಿದಳು, ಅರ್ಧ ನುಂಗದೆ, ಪೂರ್ತಿ ಹೆಸರು.

ಡ್ರಮ್ಮು ತುಂಬಿ ನೀರು ಹೊರಚೆಲ್ಲುತ್ತಿತ್ತು. ನಲ್ಲಿ ನಿಲ್ಲಿಸಿದಳು. ಕಾರ್ಖಾನೆಗೆ ಕಟ್ಟಿಕೊಳ್ಳುವ ಅಗಲವಾದ ಬಟ್ಟೆಪಟ್ಟಿ, ಸೂಜಿ ಕತ್ತರಿ ಸಿಕ್ಕಿಸಿಕೊಳ್ಳುವಂಥದ್ದು, ಗೂಟದಲ್ಲಿ ನೇತಾಡುತ್ತಿತ್ತು. ಕತ್ತರಿ ತೆಗೆದಿಟ್ಟು, ಆ ಪಟ್ಟಿಯನ್ನು ಸೀರೆಯ ಮೇಲೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡಳು. ಒಬ್ಬ ಮನುಷ್ಯ ಒಂದೇ ಕೈಯಲ್ಲಿ ಹಿಡಿದರೂ ಜಾರದಷ್ಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿ, ಭಾವನ ಕೋಣೆಯ ಬಾಗಿಲ ಕಡೆ ನಡೆದಳು.